ಕಾರಿಗೆ ಹೊಸ ನ್ಯಾವಿಗೇಟರ್: ಕುದಾಪುರದ ಬಯಲಲ್ಲಿ ನಿಂತು ನೋಡಿದರೆ

2023ರ ಏಪ್ರಿಲ್ 2ರ ಭಾನುವಾರ ಬೆಳಿಗ್ಗೆ ಏಳೂ ಹತ್ತಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ಚಳ್ಳಕೆರೆ ತಾಲ್ಲೂಕಿನ ಬಯಲಿನಿಂದ ಮೇಲೆದ್ದಿತು. ಅದರ ಹೊಟ್ಟೆಯಡಿ ರೆಕ್ಕೆಗಳಿದ್ದ ಒಂದು ವಾಹನ ತೂಗುತ್ತಿತ್ತು. ಸಮುದ್ರಮಟ್ಟದಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ರನ್‌ವೇಯಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಆಚೆಗೆ, ಹೆಲಿಕಾಪ್ಟರ್ ಅದನ್ನು ಕೈಬಿಟ್ಟಿತು. ಒಳಗೆ ಪೈಲಟ್ ಇರಲಿಲ್ಲ, ದೂಡುವ ಎಂಜಿನ್ ಇರಲಿಲ್ಲ. ತಾನೆಲ್ಲಿದ್ದೇನೆಂದು ತಾನೇ ಲೆಕ್ಕಹಾಕಿಕೊಳ್ಳುತ್ತ, ತೇಲುತ್ತ, ತಿರುಗುತ್ತ ಬಂದ ಆ ವಾಹನ ಏಳೂ ನಲವತ್ತಕ್ಕೆ ರನ್‌ವೇ ಮೇಲೆ ಇಳಿದು ನಿಂತಿತು. ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸುವ ಇಸ್ರೊದ ಮೊದಲ ಪ್ರಯೋಗ ಅದು. ಮುಂದೆ ಪುಷ್ಪಕ್ ಎಂದು ಹೆಸರಾದ ಇದೇ ಸಾಲಿನ ವಾಹನ 2024ರ ಮಾರ್ಚ್ 22ರಂದು ಮತ್ತು ಜೂನ್ 23ರಂದು ಅಲ್ಲಿಯೇ ಇಳಿಯಿತು. ಕೊನೆಯ ಸಲವಂತೂ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬೇಕೆಂದೇ ಬಿಟ್ಟಿದ್ದರು. ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದರೂ ಅದು ಗುರಿ ತಪ್ಪಲಿಲ್ಲ.

ಆ ರನ್‌ವೇ ಇರುವುದು ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ, ಕುದಾಪುರ ಎಂಬ ಊರಿನ ನೆರೆಯ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ. ಕುದಾಪುರ ಕಾವಲಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೇ ಆವರಣವಿದೆ. ನಾಡಿನ ಮೂಲೆಮೂಲೆಯ ಸರ್ಕಾರಿ ಶಾಲೆಗಳ ವಿಜ್ಞಾನ ಶಿಕ್ಷಕರು ತರಬೇತಿಗೆಂದು ಬರುವುದು ಅಲ್ಲಿಗೆ. ಹಾಗೆ ಬರುವವರಿಗೆ ದಾರಿ ತೋರಿಸಬೇಕಾದ ಸಾಧನ ಹೇಗಿರಬೇಕು ಎಂಬುದಕ್ಕೆ ಪುಷ್ಪಕ್‌ಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ನಿಮ್ಮ ಕಾರಿನ ಹಳೆಯ ನ್ಯಾವಿಗೇಟರ್ ಕೆಟ್ಟು, ಯಾವುದನ್ನು ಕೊಳ್ಳಲಿ ಎಂದು ಯೋಚಿಸುತ್ತಿದ್ದರೆ, ಆ ವಾಹನದೊಳಗೆ ಇಸ್ರೊ ಏನೇನು ಇಟ್ಟಿತ್ತು ಎಂಬುದನ್ನು ಮೊದಲು ನೋಡಿ. ಭಾರತದ್ದೇ ಆದ ನಾವಿಕ್ ಉಪಗ್ರಹಗಳ ರಿಸೀವರ್ ಇತ್ತು. ಚಲನೆಯನ್ನು ಒಳಗಿನಿಂದಲೇ ಅಳೆಯುವ ಜಡತ್ವ ಸಂವೇದಕಗಳಿದ್ದವು. ಉಪಗ್ರಹದಂತೆಯೇ ಸಂಕೇತ ಬೀರುವ ಸ್ಯೂಡೊಲೈಟ್ ವ್ಯವಸ್ಥೆಯ ನೆರವಿತ್ತು. ನೆಲ ಎಷ್ಟು ಕೆಳಗಿದೆ ಎಂದು ಹೇಳಲು ರೇಡಾರ್ ಆಲ್ಟಿಮೀಟರ್ ಇತ್ತು. ಯಾವ ಒಂದನ್ನೂ ಪೂರ್ತಿ ನಂಬಿರಲಿಲ್ಲ. ಒಂದು ಹೇಳಿದ್ದನ್ನು ಇನ್ನೊಂದರ ಜೊತೆ ತಾಳೆ ನೋಡುವುದೇ ಅದರ ಬಲ.

ಉಪಗ್ರಹ ನಮ್ಮ ಸ್ಥಾನವನ್ನು ಹೇಳುವುದಿಲ್ಲ. ಅದು ಹೇಳುವುದು ಎರಡೇ ಮಾತು: ನಾನೀಗ ಇಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಹೊತ್ತು. ಆ ಮಾತು ಕಾರನ್ನು ತಲುಪಲು ಎಷ್ಟು ಸಮಯ ಹಿಡಿಯಿತು ಎಂಬುದರಿಂದ ರಿಸೀವರ್ ದೂರವನ್ನು ಕಂಡುಕೊಳ್ಳುತ್ತದೆ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ನೆತ್ತಿಯ ಮೇಲಿರುವ ಉಪಗ್ರಹದಿಂದ ಸಂಕೇತ ಬರಲು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು. ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಇನ್ನಷ್ಟು ಹೊತ್ತು. ಒಂದು ಕುರಿಗೆ ಮೂರು ಗೂಟಗಳಿಂದ ಮೂರು ಹಗ್ಗ ಬಿಗಿದರೆ ಅದು ನಿಲ್ಲಬಹುದಾದ ಜಾಗ ಒಂದೇ ಆಗುತ್ತದಲ್ಲ, ಮೂರು ಉಪಗ್ರಹಗಳ ದೂರ ಗೊತ್ತಾದರೆ ಕಾರಿನ ಜಾಗವೂ ಹಾಗೆಯೇ ಗೊತ್ತಾಗಬೇಕು. ಆದರೆ ಕಾರಿನ ಗಡಿಯಾರ ಅಗ್ಗದ್ದು. ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ಜಾರುತ್ತದೆ. ಆ ತಪ್ಪನ್ನು ಹಿಡಿಯಲು ನಾಲ್ಕನೆಯ ಉಪಗ್ರಹ ಬೇಕು. ನಾಲ್ಕಕ್ಕಿಂತ ಕಡಿಮೆ ಉಪಗ್ರಹಗಳು ಕಂಡರೆ ಸಾಧನ ಹೇಳುವುದೆಲ್ಲ ಊಹೆ.

ಮೇಲಿರುವ ಗಡಿಯಾರಗಳಾದರೋ ಪರಮಾಣು ಗಡಿಯಾರಗಳು. ಅವಕ್ಕೂ ತಿದ್ದುಪಡಿ ಬೇಕು. ವೇಗದಿಂದಾಗಿ ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಅಲ್ಲಿ ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಉಳಿಯುವ 38 ಮೈಕ್ರೊಸೆಕೆಂಡನ್ನು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ ಹನ್ನೊಂದು ಕಿಲೋಮೀಟರ್ ತಪ್ಪುತ್ತದೆ. ಕುದಾಪುರದ ಹತ್ತಿರದ ನಾಯಕನಹಟ್ಟಿಗೆ ಹೊರಟವರನ್ನು ಬೇರೆ ಯಾವುದೋ ಹಟ್ಟಿಯಲ್ಲಿ ನಿಲ್ಲಿಸಲು ಅಷ್ಟು ಸಾಕು.

ಈ ಗಡಿಯಾರಗಳ ಕಥೆಯನ್ನು ಕೊಳ್ಳುವವರು ತಿಳಿದಿರಲೇಬೇಕು. ಬದಲಿ ಸಾಧನ ಹುಡುಕುವ ಕಷ್ಟ ಆಕಾಶದಲ್ಲೂ ಇದೆ. ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರ ಏಪ್ರಿಲ್ 28ಕ್ಕೆ ಏಳನೆಯದು ಮೇಲೇರಿ ತಂಡ ಪೂರ್ತಿಯಾಯಿತು. ಅದರ ಬೆನ್ನಲ್ಲೇ ಮೊದಲನೆಯದು ಕೈಕೊಟ್ಟಿತು: ಯುರೋಪಿನಿಂದ ತರಿಸಿ ಅಳವಡಿಸಿದ್ದ ಮೂರೂ ರುಬಿಡಿಯಂ ಗಡಿಯಾರಗಳು ಒಂದರ ಹಿಂದೊಂದು ನಿಂತವು. ಉಪಗ್ರಹ ಗಟ್ಟಿಯಾಗಿಯೇ ಇತ್ತು, ಆದರೆ ಹೊತ್ತು ಗೊತ್ತಿಲ್ಲದ ಉಪಗ್ರಹ ದಾರಿ ತೋರಿಸಲಾರದು. ಬದಲಿಗೆಂದು 2017ರ ಆಗಸ್ಟ್ 31ರಂದು ಕಳಿಸಿದ ಉಪಗ್ರಹ ರಾಕೆಟ್ಟಿನ ಶಾಖಕವಚ ಬಿಚ್ಚಿಕೊಳ್ಳದೆ ಒಳಗೇ ಸಿಕ್ಕಿಬಿತ್ತು. ಮತ್ತೊಂದು ಬದಲಿ 2018ರ ಏಪ್ರಿಲ್ 12ರಂದು ಹೋಗಿ ಸೇರಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರ ರೂಪಿಸಿದ ನಮ್ಮದೇ ರುಬಿಡಿಯಂ ಗಡಿಯಾರವಿತ್ತು. ಪರಮಾಣು ಗಡಿಯಾರ ಮಾಡಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಆ ಸಾಲಿಗೆ ನಾವು ಸೇರಿದ್ದು ದೊಡ್ಡ ಮಾತು. 2025ರ ಜನವರಿ 29ರಂದು, ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ, ಹೋದ ಎನ್‌ವಿಎಸ್-02 ಮಾತ್ರ ಕವಾಟವೊಂದು ತೆರೆಯದೆ ತನ್ನ ಕಕ್ಷೆ ಮುಟ್ಟಲಿಲ್ಲ.

2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಂತೆ, ಮೇಲೆ ಕಳಿಸಿದ್ದರಲ್ಲಿ ಸ್ಥಾನ ತಿಳಿಸುವ ಕೆಲಸಕ್ಕೆ ಒದಗುತ್ತಿದ್ದವು ನಾಲ್ಕು. ಬೇಕಾಗುವ ಕನಿಷ್ಠವೂ ನಾಲ್ಕೇ. ಹಾಗಾಗಿ ನಾವಿಕ್ ಒಂದನ್ನೇ ನಂಬಿ ಕಾರು ಓಡಿಸುವ ಕಾಲ ಇನ್ನೂ ಬಂದಿಲ್ಲ. ಹಾಗೆಂದು ಅದನ್ನು ಬಿಡುವುದೂ ತಪ್ಪು. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಇವುಗಳ ಜೊತೆ ಮಾತಾಡುವ ಸಾಧನಕ್ಕೆ ನಾವಿಕ್ ಕೂಡ ಸೇರಿದರೆ ತಾಳೆ ನೋಡಲು ಇನ್ನಷ್ಟು ಸಾಕ್ಷಿಗಳು ಸಿಕ್ಕಂತೆ.

ಇಲ್ಲಿಯೇ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹುಟ್ಟುವುದು. ಪೆಟ್ಟಿಗೆಯ ಮೇಲೆ ನಾವಿಕ್ ಎಂದು ಬರೆದಿದ್ದರೆ ಸಾಲದು, ಯಾವ ಆವರ್ತನದಲ್ಲಿ ಎಂದು ಕೇಳಬೇಕು. ನಾವಿಕ್‌ನ ಮೊದಲ ತಲೆಮಾರಿನ ಉಪಗ್ರಹಗಳು ಎಲ್5 ಎಂಬ 1176.45 ಮೆಗಾಹರ್ಟ್ಸ್ ಪಟ್ಟಿಯಲ್ಲೂ ಎಸ್ ಪಟ್ಟಿಯಲ್ಲೂ ಮಾತಾಡುತ್ತವೆ. ಅಗ್ಗದ ಕಾರ್ ಸಾಧನಗಳು ಕೇಳಿಸಿಕೊಳ್ಳುವುದು ಎಲ್1 ಎಂಬ 1575.42 ಮೆಗಾಹರ್ಟ್ಸ್ ಒಂದನ್ನೇ. ಎಲ್1ರಲ್ಲೂ ಮಾತಾಡುವ ನಾವಿಕ್ ಉಪಗ್ರಹಗಳು ಬಂದದ್ದು ಎನ್‌ವಿಎಸ್ ಸರಣಿಯಿಂದ. ಅವುಗಳಲ್ಲಿ ಕಕ್ಷೆ ಸೇರಿದ ಮೊದಲನೆಯದಾದ ಎನ್‌ವಿಎಸ್-01 ಕುದಾಪುರದಲ್ಲಿ ನಿಂತವರಿಗೆ ಪೂರ್ವಕ್ಕೆ ಸ್ವಲ್ಪ ದಕ್ಷಿಣವಾಗಿ, ದಿಗಂತದಿಂದ ಸುಮಾರು 28 ಡಿಗ್ರಿ ಮೇಲೆ, ಅಲುಗದೆ ನಿಂತಿರುತ್ತದೆ. ಕುದಾಪುರದ ಬಯಲಲ್ಲಿ ಅದನ್ನು ಮರೆಮಾಡುವಂಥದ್ದೇನೂ ಇಲ್ಲ. ಬೆಂಗಳೂರಿನ ಇಕ್ಕಟ್ಟಾದ ರಸ್ತೆಯಲ್ಲಿ ಪಕ್ಕದ ಮೂರಂತಸ್ತಿನ ಮನೆಯೇ ಮರೆಮಾಡೀತು. ಎಲ್1 ಒಂದನ್ನೇ ಕೇಳುವ ಸಾಧನಕ್ಕೆ ನಾವಿಕ್ ಚೀಟಿ ಅಂಟಿಸಿದ್ದರೆ ಅದಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ.

ಎಲ್1, ಎಲ್5 ಎರಡನ್ನೂ ಕೇಳುವ ಸಾಧನ ನಮ್ಮ ಸೀಮೆಗೆ ಬೇಕೇಬೇಕು ಎನ್ನಲು ಇನ್ನೊಂದು ಕಾರಣವಿದೆ, ಅದು ನೆಲದ್ದಲ್ಲ, ಗಾಳಿಯದ್ದು. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಹೀಗಾಗಿ ನಮ್ಮ ತಲೆಯ ಮೇಲಿನ ಅಯಾನುಗೋಳ ಯುರೋಪಿನದಕ್ಕಿಂತ ಬಹಳ ದಟ್ಟ, ಬಹಳ ಚಂಚಲ. ಅದರೊಳಗೆ ಹಾದುಬರುವ ಸಂಕೇತ ತಡವಾಗುತ್ತದೆ, ಆ ತಡ ಹಲವು ಮೀಟರುಗಳ ತಪ್ಪಾಗಿ ಕಾಣುತ್ತದೆ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆಗಳೆದ್ದು ಸಂಕೇತ ಮಿನುಗತೊಡಗುತ್ತದೆ. ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಇದು ಹೆಚ್ಚು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ ಬರುವ ಫಾಲ್ಗುಣವೂ ಅದೇ ಕಾಲ. ಕಡಿಮೆ ಆವರ್ತನದ ಸಂಕೇತಕ್ಕೆ ತಡ ಹೆಚ್ಚು: ಎಲ್5ರ ತಡ ಎಲ್1ರ ತಡದ ಸುಮಾರು 1.8 ಪಟ್ಟು. ಈ ಅನುಪಾತ ಬದಲಾಗದ್ದರಿಂದ, ಎರಡನ್ನೂ ಅಳೆದ ಸಾಧನಕ್ಕೆ ತಡ ಎಷ್ಟೆಂದು ಲೆಕ್ಕಹಾಕಿ ಕಳೆಯುವ ದಾರಿಯಿದೆ. ಒಂದನ್ನೇ ಕೇಳುವ ಸಾಧನ ಅಂದಾಜನ್ನು ನೆಚ್ಚಿಕೊಳ್ಳಬೇಕು. ಜೊತೆಗೆ, ಎಲ್5 ಪಟ್ಟಿಯಲ್ಲಿ ಬರುವ ಜಿಪಿಎಸ್ ಮತ್ತು ಗೆಲಿಲಿಯೊದ ಹೊಸ ಸಂಕೇತ ಗೋಡೆಗಳಿಗೆ ಬಡಿದು ಬರುವ ಪ್ರತಿಫಲನವನ್ನು ನಿಜವಾದುದರಿಂದ ಹೆಚ್ಚು ಚೆನ್ನಾಗಿ ಬೇರ್ಪಡಿಸಲು ಬಿಡುತ್ತದೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ಕಟ್ಟಿದ ಗಗನ್ ವ್ಯವಸ್ಥೆ ಅಯಾನುಗೋಳದ ತಿದ್ದುಪಡಿಯನ್ನೇ ಉಪಗ್ರಹಗಳ ಮೂಲಕ ಉಚಿತವಾಗಿ ಬಿತ್ತರಿಸುತ್ತದೆ. ಎಸ್‌ಬಿಎಎಸ್ ಎಂದು ವಿವರಪಟ್ಟಿಯಲ್ಲಿ ಬರೆದಿರುವ ರಿಸೀವರ್‌ಗಳು ಅದನ್ನು ಬಳಸಬಲ್ಲವು.

ಹಳೆಯ ಸಾಧನ ನಿಜಕ್ಕೂ ಸತ್ತಿದೆಯೇ ಎಂಬುದನ್ನೂ ನೋಡಿ. ಜಿಪಿಎಸ್‌ನ ಮೂಲ ಸಂಕೇತ ವಾರಗಳನ್ನು 0ಯಿಂದ 1023ರವರೆಗೆ ಮಾತ್ರ ಎಣಿಸುತ್ತದೆ. ಆಮೇಲೆ ಮತ್ತೆ ಸೊನ್ನೆ. ಎಣಿಕೆ ಶುರುವಾದದ್ದು 1980ರ ಜನವರಿ 6ರಂದು. ಮೊದಲ ಸುತ್ತು ಮುಗಿದದ್ದು 1999ರ ಆಗಸ್ಟಿನಲ್ಲಿ, ಎರಡನೆಯದು 2019ರ ಏಪ್ರಿಲ್ 6ರಂದು. 2010ರ ಸುಮಾರಿಗೆ ಕೊಂಡ ಎಷ್ಟೋ ಸಾಧನಗಳು ಸುತ್ತು ತಿರುಗಿದ ಮೇಲೆ ತಾರೀಖನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ತೋರಿಸತೊಡಗಿದವು. ಕೆಲವಕ್ಕೆ ಉಪಗ್ರಹ ಹುಡುಕುವುದೇ ಕಷ್ಟವಾಯಿತು. ತಯಾರಕರ ತಾಣದಲ್ಲಿ ತಂತ್ರಾಂಶದ ಅಪ್‌ಡೇಟ್ ಇದ್ದರೆ ಸಾಧನ ಮತ್ತೆ ನೆಟ್ಟಗಾಗುತ್ತದೆ. ಇಲ್ಲದಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ.

ಎತ್ತರದ ವಿಷಯ ಬೇರೆ. ಉಪಗ್ರಹಗಳೆಲ್ಲ ನಮ್ಮ ಮೇಲ್ಗಡೆಯೇ ಇರುವುದರಿಂದ, ಕೆಳಗಿನಿಂದ ತಾಳೆ ನೋಡುವವರಿಲ್ಲದೆ, ಎತ್ತರದ ಅಳತೆ ಯಾವಾಗಲೂ ಅಕ್ಕಪಕ್ಕದ ಅಳತೆಗಿಂತ ಕೆಟ್ಟದಾಗಿರುತ್ತದೆ. ಪುಷ್ಪಕ್‌ಗೆ ರೇಡಾರ್ ಆಲ್ಟಿಮೀಟರ್ ಬೇಕಾದದ್ದರ ಒಂದು ಕಾರಣ ಇದು. ಬೆಂಗಳೂರಿನಿಂದ ಕುದಾಪುರಕ್ಕೆ ಹೊರಟವರಿಗೆ ಇದರ ಬಿಸಿ ತಟ್ಟುವುದು ಪೀಣ್ಯದಲ್ಲಿ. ಮೇಲ್ಸೇತುವೆ ಹತ್ತಿದ್ದೀರೋ ಕೆಳಗಿನ ರಸ್ತೆಯಲ್ಲಿದ್ದೀರೋ ಎಂಬುದು ಸಾಧನಕ್ಕೆ ತಿಳಿಯದೆ, ಇಲ್ಲದ ಎಡ ತಿರುವಿಗೆ ತಿರುಗಿ ಎನ್ನುತ್ತದೆ. ಕಾರಿನ ಕಾರ್ಖಾನೆಯಲ್ಲೇ ಕೂಡಿಸಿದ ನ್ಯಾವಿಗೇಷನ್‌ಗೆ ಇಲ್ಲೊಂದು ಅನುಕೂಲ ಇರಬಹುದು: ಚಕ್ರದ ವೇಗ ಮತ್ತು ತಿರುಗುವಿಕೆಯ ಸಂವೇದಕಗಳು ಅದಕ್ಕೆ ಜೋಡಣೆಯಾಗಿದ್ದರೆ ಉಪಗ್ರಹ ಮರೆಯಾದಾಗಲೂ ಲೆಕ್ಕ ಮುಂದುವರಿಯುತ್ತದೆ. ಪುಷ್ಪಕ್‌ನ ಜಡತ್ವ ಸಂವೇದಕಗಳ ತಮ್ಮನಂತೆ ಅದು. ಆಮೇಲೆ ತಂದು ಕೂಡಿಸುವ ಸ್ಟೀರಿಯೊಗಳಲ್ಲಿ ಇದು ಅಪರೂಪ.

ಇಷ್ಟೆಲ್ಲ ಸರಿಯಿದ್ದೂ ದಾರಿ ತಪ್ಪುವುದು ಯಾಕೆ? ನಕ್ಷೆಯಿಂದ. ತೆರೆದ ಆಕಾಶದಡಿ ಸಾಮಾನ್ಯ ಫೋನ್ ಕೂಡ ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ಆ ಜಾಗದಲ್ಲಿ ರಸ್ತೆ ಇದೆಯೇ ಎಂದು ಹೇಳುವುದು ನಕ್ಷೆ, ಮತ್ತು ಚಳ್ಳಕೆರೆ ಸೀಮೆಯ ನಕ್ಷೆ ಕಳೆದ ಹದಿನೈದು ವರ್ಷಗಳಲ್ಲಿ ಬದಲಾದಷ್ಟು ಕರ್ನಾಟಕದ ಬಯಲುಸೀಮೆಯಲ್ಲಿ ಬೇರೆಡೆ ಬದಲಾಗಿದ್ದು ಕಡಿಮೆ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆಂದು ಉಳಿಸಿದ್ದ ಕಾವಲುಗಳಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೊ ಮತ್ತು ವಿಜ್ಞಾನ ಸಂಸ್ಥೆಗೆ ಹೋಯಿತು. ಡಿಆರ್‌ಡಿಒ ಒಂದರದ್ದೇ 4,290 ಎಕರೆ. ಎತ್ತರದ ಕಾಂಪೌಂಡ್ ಗೋಡೆಗಳೆದ್ದವು. ಊರಿಂದೂರಿಗೆ ಕಾವಲಿನ ನಡುವೆ ಹಾಯುತ್ತಿದ್ದ ಬಂಡಿಜಾಡುಗಳು, ಕುರಿಗಳ ಹಾದಿಗಳು ಗೋಡೆಗೆ ಮುಟ್ಟಿ ನಿಂತವು. ಹುಲ್ಲುಗಾವಲು ಕಳೆದುಕೊಂಡ ಹಳ್ಳಿಯವರು ಹೋರಾಡಿದರು, ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿದರು. ಅವರ ನಷ್ಟವನ್ನು ಯಾವ ನಕ್ಷೆಯೂ ತೋರಿಸದು. ಆದರೆ ಹಳೆಯ ನಕ್ಷೆ ಹೊತ್ತ ಸಾಧನ ಇಂದಿಗೂ ಆ ಜಾಡುಗಳನ್ನೇ ಹತ್ತಿರದ ದಾರಿಯೆಂದು ತೋರಿಸಬಹುದು. ಹೊಸಬರು ನಂಬಿ ಹೋದರೆ ಮುಂದೆ ಸಿಗುವುದು ಗೋಡೆ, ಇಲ್ಲವೇ ಕಾವಲುಗಾರ.

ಊರಿನ ಹೆಸರುಗಳದ್ದೂ ಒಂದು ತೊಡಕು. ಇಂಗ್ಲಿಷಿನಲ್ಲಿ ಕುದಾಪುರವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಗೊಲ್ಲರಹಟ್ಟಿ ಎಂದು ಹುಡುಕಿದರೆ ಚಿತ್ರದುರ್ಗ ಜಿಲ್ಲೆಯೊಂದರಲ್ಲೇ ಹಲವು ಗೊಲ್ಲರಹಟ್ಟಿಗಳು ಎದುರಾಗುತ್ತವೆ. ಹೆಸರಿನ ಬದಲು ಅಕ್ಷಾಂಶ ರೇಖಾಂಶಗಳನ್ನು ಹೊಡೆಯಲು ಬಿಡುವ ಸಾಧನ ಇಲ್ಲಿಗೆ ಒಳ್ಳೆಯದು. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ತಂದ ಡಿಜಿಪಿನ್ ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದೆ. ತೋಟದ ಮನೆಗೂ ಹಟ್ಟಿಗೂ ಮುಂದೆ ಇದೇ ವಿಳಾಸವಾದರೆ ಬಹಳ ಉಪಕಾರ.

ಆದ್ದರಿಂದ ನಕ್ಷೆಯ ಬಗ್ಗೆ ಎರಡು ಮಾತು ಖಚಿತ ಮಾಡಿಕೊಳ್ಳಿ. ನಕ್ಷೆ ಸಾಧನದೊಳಗೇ ಇರುತ್ತದೆಯೇ? ಭಾರತದ ನಕ್ಷೆಗೆ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ, ಅದಕ್ಕೆ ದುಡ್ಡೆಷ್ಟು? ಹಿರಿಯೂರು ದಾಟಿ 150ಎ ಹೆದ್ದಾರಿಯಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಕಡೆ ಹೋಗುವಾಗ ಅಥವಾ ನಾಯಕನಹಟ್ಟಿಯ ಒಳರಸ್ತೆಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಜಾತ್ರೆಯ ದಿನ ಸಿಗ್ನಲ್ ಇದ್ದರೂ ನೆಟ್ ಓಡದಿರಬಹುದು. ಉಪಗ್ರಹಕ್ಕೆ ನೆಟ್ ಬೇಕಿಲ್ಲ, ನಕ್ಷೆ ಇಳಿಸಿಕೊಳ್ಳಲು ಬೇಕು. ಫೋನ್ ತನ್ನ ಮೊದಲ ಲೆಕ್ಕವನ್ನು ಬೇಗ ಹಾಕುವುದೂ ನೆಟ್‌ನಿಂದ ಉಪಗ್ರಹಗಳ ವಿವರ ತರಿಸಿಕೊಂಡೇ. ನೆಟ್ ಇಲ್ಲದಿದ್ದರೆ ಆ ವಿವರವನ್ನು ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ ಕೇಳಿಸಿಕೊಳ್ಳಬೇಕು. ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು, ಹಿಡಿಯುತ್ತದೆ. ಹಾಗಾದಾಗ ಸಾಧನ ಕೆಟ್ಟಿತೆಂದು ಗಾಬರಿಯಾಗದೆ, ಆಕಾಶ ಕಾಣುವೆಡೆ ಕಾರು ನಿಲ್ಲಿಸಿ ಕಾಯಿರಿ.

ಇನ್ನು ಫೋನೋ, ಪ್ರತ್ಯೇಕ ಪೆಟ್ಟಿಗೆಯೋ, ಡ್ಯಾಶ್‌ಬೋರ್ಡಿನ ಆಂಡ್ರಾಯ್ಡ್ ಸ್ಟೀರಿಯೊವೋ? ಫೋನಿನ ದೊಡ್ಡ ಶತ್ರು ಬಿಸಿಲು. ಆಪಲ್ ತನ್ನ ಫೋನನ್ನು 35 ಡಿಗ್ರಿ ಸೆಲ್ಸಿಯಸ್ ಮೀರಿದ ವಾತಾವರಣದಲ್ಲಿ ಬಳಸಬೇಡಿ ಎನ್ನುತ್ತದೆ. ಚಳ್ಳಕೆರೆಯ ಬೇಸಿಗೆ ಅದನ್ನು ಸುಲಭವಾಗಿ ಮೀರುತ್ತದೆ, ಗಾಜಿನ ಹಿಂದೆ ಡ್ಯಾಶ್‌ಬೋರ್ಡ್ ಮೇಲಂತೂ ಕೇಳುವುದೇ ಬೇಡ. ಬಿಸಿಯಾದ ಫೋನ್ ಮೊದಲು ಪರದೆ ಮಂಕಾಗಿಸುತ್ತದೆ, ಆಮೇಲೆ ಆರಿಹೋಗುತ್ತದೆ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡ್ ಈ ಕಾರಣಕ್ಕೆ ಮೇಲು. ದಾರಿ ನೋಡಲು ಮಾತ್ರ, ಗಮನ ಕೆಡದ ಹಾಗೆ ಫೋನ್ ಬಳಸಲು 2020ರ ಅಕ್ಟೋಬರಿನಿಂದ ಮೋಟಾರು ವಾಹನ ನಿಯಮಗಳೂ ಒಪ್ಪಿವೆ. ಟ್ಯಾಕ್ಸಿಗಳಲ್ಲಿ ಕಡ್ಡಾಯವಾಗಿ ಕೂಡಿಸುವ ಎಐಎಸ್-140 ಪೆಟ್ಟಿಗೆಯನ್ನು ಇದರ ಜೊತೆ ಬೆರೆಸಬೇಡಿ: ಅದು ಗಾಡಿ ಎಲ್ಲಿದೆ ಎಂದು ಬೇರೆಯವರಿಗೆ ಹೇಳುತ್ತದೆ, ಚಾಲಕರಿಗೆ ದಾರಿ ಹೇಳುವುದಿಲ್ಲ.

ನನ್ನ ತೀರ್ಪು ಇಷ್ಟು. ಎಲ್1, ಎಲ್5 ಎರಡನ್ನೂ ಕೇಳುವ ಫೋನ್ ನಿಮ್ಮಲ್ಲಿದ್ದರೆ ಬೇರೆ ಸಾಧನಕ್ಕೆ ದುಡ್ಡು ಹಾಕಬೇಡಿ. ಗಟ್ಟಿ ಸ್ಟ್ಯಾಂಡ್ ಒಂದನ್ನು ಕೊಂಡು, ಹೊರಡುವ ಹಿಂದಿನ ರಾತ್ರಿ ಚಿತ್ರದುರ್ಗ, ಬಳ್ಳಾರಿ ಜಿಲ್ಲೆಗಳ ನಕ್ಷೆ ಇಳಿಸಿಟ್ಟುಕೊಳ್ಳಿ. ಈ ಭಾಗದಲ್ಲಿ ದಿನವೂ ಓಡಾಡುವವರಾದರೆ ಆಂಡ್ರಾಯ್ಡ್ ಸ್ಟೀರಿಯೊ ಸರಿ, ಆದರೆ ಅದರ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಲೋಹದಡಿ ತುರುಕದೆ, ಆಕಾಶ ಕಾಣುವಂತೆ ಗಾಜಿನ ಬುಡದಲ್ಲಿ ಕೂಡಿಸಲು ಮೆಕ್ಯಾನಿಕ್‌ಗೆ ಹೇಳಿ. ಪರದೆಯ ಅಗಲ, ಹಾಡಿನ ಸದ್ದು, ರಿವರ್ಸ್ ಕ್ಯಾಮೆರಾ ನೋಡಿ ಮರುಳಾಗಬೇಡಿ. ದುಡ್ಡು ಕೊಡುವ ಮುಂಚೆ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿಸಿ, ಸಾಧನವನ್ನು ಅಂಗಡಿಯ ಸೂರಿನಿಂದ ಆಚೆ ತನ್ನಿ. ಯಾವ ಯಾವ ದೇಶದ ಉಪಗ್ರಹಗಳು, ಯಾವ ಆವರ್ತನದಲ್ಲಿ ಕೇಳಿಸುತ್ತಿವೆ ಎಂದು ಅದು ಸಾಲಾಗಿ ತೋರಿಸುತ್ತದೆ. ಐದು ನಿಮಿಷ ಕಾದರೂ ಎಲ್5ರ ಒಂದು ಸಾಲೂ ಕಾಣದಿದ್ದರೆ ಆ ಸಾಧನವನ್ನು ಅಲ್ಲಿಯೇ ಬಿಟ್ಟು ಬನ್ನಿ.